ಇಮ್ಯೂನಿಟಿ ಜಾಸ್ತಿ ಆದದ್ದಾ ಕಮ್ಮಿ ಆದದ್ದಾ? ನಾಲ್ಕು ವರ್ಷದ ಮಗಳ ಮೊಣಕಾಲು ಊದುದಕ್ಕೆ ಅವಳದ್ದೇ ಬಿಳಿ ರಕ್ತಕಣ ಕಾರಣವಂತೆ

ಸುರತ್ಕಲ್_ಪುಟ್ಟಿಯಮ್ಮ:

ನಮಸ್ಕಾರ ಎಲ್ಲರಿಗೂ, ಸ್ವಲ್ಪ ಉದ್ದ ಆಗ್ತದೆ, ಬೇಸರ ಮಾಡ್ಬೇಡಿ. ನನ್ನ ಮಗಳಿಗೆ ನಾಲ್ಕು ವರ್ಷ. ಕಳೆದ ದೀಪಾವಳಿ ಹೊತ್ತಿಗೆ ಎಡ ಮೊಣಕಾಲು ಊದಿದ್ದು ಕಂಡಿತು, ಎಲ್ಲಿಯೋ ಬಿದ್ದಿರ್ಬೇಕು ಅಂದ್ಕೊಂಡೆವು, ಯಾಕಂದ್ರೆ ಅವಳು ಅಳುದೂ ಇಲ್ಲ, ನೋವು ಅಂತ ಹೇಳುದೂ ಇಲ್ಲ. ಆದ್ರೆ ಬೆಳಿಗ್ಗೆ ಎದ್ದ ಕೂಡ್ಲೆ ಮಹಡಿ ಮೆಟ್ಟಿಲು ನಡ್ಕೊಂಡು ಇಳಿಯುದಿಲ್ಲ, ಕೂತ್ಕೊಂಡು ಒಂದೊಂದೇ ಮೆಟ್ಟಿಲು ಜಾರಿ ಜಾರಿ ಬರ್ತಾಳೆ, ಎಡಗಾಲು ಅರ್ಧ ಮಡಚಿದ ಹಾಗೆಯೇ ಇರ್ತದೆ. ಹತ್ತು ಗಂಟೆ ಕಳೆದ್ರೆ ಅದೇ ಮಗು ಅಂಗಳದಲ್ಲಿ ಬೆಕ್ಕಿನ ಹಿಂದೆ ಓಡ್ತದೆ. ಹಾಗಾಗಿ ಅತ್ತೆ, ಇವಳಿಗೆ ಶಾಲೆಗೆ ಹೋಗ್ಲಿಕ್ಕೆ ಉದಾಸೀನ ಅಂತ ಹೇಳ್ತಿದ್ರು, ನಾನೂ ಒಂದೆರಡು ಸಲ ಬೈದೆ, ಈಗ ನೆನಪಾದ್ರೆ ಹೊಟ್ಟೆಯೊಳಗೆ ಸಂಕಟ ಆಗ್ತದೆ.

ಮೊದಲು ತೋರಿಸಿದ ಕಡೆ ರಕ್ತದಲ್ಲಿ ಎಎಸ್ಓ (ಗಂಟಲು ಸೋಂಕಿನ ಗುರುತು) ಜಾಸ್ತಿ ಉಂಟು, ಇದು ಗಂಟಲು ಸೋಂಕಿನ ನಂತರ ಬರುವ ರುಮ್ಯಾಟಿಕ್ ಫೀವರ್ ಅಂತ ಹೇಳಿ 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಕೊಟ್ರು, ನಾಲ್ಕು ಸಲ ಆಯ್ತು, ಮೊಣಕಾಲು ಹಾಗೇ ಇತ್ತು. ಆಮೇಲೆ ಪರಿಚಯದವರು ಹೇಳಿ ಮಕ್ಕಳ ಗಂಟಿನ ಡಾಕ್ಟ್ರ ಹತ್ರ ಹೋದೆವು, ಅವರು ಮುಟ್ಟಿ ನೋಡಿದ ಕೂಡ್ಲೆ ಹೇಳಿದ್ರು, ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್, ಜೆಐಎ ಅಂತ, ಮಕ್ಕಳಿಗೆ ಬರುವ ಗಂಟಿನ ಊತ, ಅದ್ರಲ್ಲಿ ಕೆಲವೇ ಗಂಟಿಗೆ ಬರುವ ಆಲಿಗೋ ಅನ್ನುವ ಜಾತಿ. ಗಂಟಿನಿಂದ ನೀರು ತೆಗೆದು ಅಲ್ಲಿಗೇ ಸ್ಟಿರಾಯ್ಡ್ ಹಾಕಿದ್ರು, ಎರಡು ತಿಂಗಳು ಭಾರಿ ಲಾಯ್ಕ ಇದ್ಲು. ಮಳೆ ಶುರು ಆದ ಮೇಲೆ ಪುನಃ ಅದೇ ಮೊಣಕಾಲು, ಜೊತೆಗೆ ಬಲಗಾಲಿನ ಹರಡು (ಪಾದದ ಮೇಲಿನ ಗಂಟು) ಕೂಡ ಊದಿತು. ಈಗ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಅನ್ನುವ ಮದ್ದು ಶುರು ಮಾಡಿದ್ದಾರೆ. ಸ್ವಂತ ದೇಹದ ವಿರುದ್ಧದ ಆಂಟಿಬಾಡಿ ಉಂಟಾ ಅಂತ ನೋಡುವ ರಕ್ತ ಪರೀಕ್ಷೆಗಳಲ್ಲಿ ಎಎನ್ಎ ಪಾಸಿಟಿವ್, ಆರ್ಎಫ್ ನೆಗೆಟಿವ್.

ಈಗ ನನ್ನ ಪ್ರಶ್ನೆ. ಡಾಕ್ಟ್ರು ಹೇಳಿದ್ದು, ರೋಗದ ವಿರುದ್ಧ ಹೋರಾಡುವ ಸೈನಿಕರೇ ತಪ್ಪಿ ಅವಳ ಗಂಟಿನ ಮೇಲೆ ಬೀಳ್ತಾ ಇದ್ದಾರೆ ಅಂತ. ಹಾಗಾದ್ರೆ ಇಮ್ಯೂನಿಟಿ ಜಾಸ್ತಿ ಆದದ್ದಾ? ಮನೆಯಲ್ಲಿ ಎಲ್ಲ ಕಮ್ಮಿ ಆದದ್ದು ಅಂತಾರೆ, ಇಮ್ಯೂನಿಟಿ ಬರುವ ವಸ್ತು ತಿನ್ನಿಸು ಅಂತಾರೆ, ಡಾಕ್ಟ್ರು ನೋಡಿದ್ರೆ ಅದನ್ನು ತಗ್ಗಿಸುವ ಮದ್ದು ಕೊಟ್ಟಿದ್ದಾರೆ. ಇಡೀ ದೇಹ ಬಿಟ್ಟು ಒಂದು ಮೊಣಕಾಲೇ ಯಾಕೆ? ಹೋದದ್ದು ಪುನಃ ಯಾಕೆ ಬಂತು? ಕೇಳ್ಬೇಕು ಅಂತ ಹೋಗ್ತೇನೆ, ಒಳಗೆ ಹೋದ ಮೇಲೆ ಅವಳನ್ನು ಹಿಡ್ಕೊಳ್ಳುದ್ರಲ್ಲೇ ಸಮಯ ಮುಗಿತದೆ, ಹೊರಗೆ ಬಂದ ಮೇಲೆ ಒಂದೊಂದೇ ನೆನಪಾಗ್ತದೆ.

ಕಾರ್ಕಳದ_ಮಾಷ್ಟ್ರು:

ತಂಗೀ, ಹೆದರ್ಬೇಡ. ನಮ್ಮಲ್ಲಿ ಅಮೃತಬಳ್ಳಿ ಕಷಾಯ ಅಂತ ಉಂಟಲ್ಲ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಅರ್ಧ ಲೋಟ ಕೊಡು. ನನ್ನ ಗಂಟು ನೋವಿಗೆ ನಾನು ವರ್ಷದಿಂದ ಕುಡಿತಾ ಇದ್ದೇನೆ. ನಮ್ಮ ಹಿತ್ತಿಲಿನಲ್ಲಿ ಬೇಕಾದಷ್ಟು ಉಂಟು, ಬೇಕಾದ್ರೆ ಬಸ್ಸಿನಲ್ಲಿ ಕಳಿಸ್ತೇನೆ.

ಮಣಿಪಾಲ_ಲ್ಯಾಬ್:

ಅಕ್ಕ, ನಾನು ಡಾಕ್ಟರ್ ಅಲ್ಲ, ಇಮ್ಯುನಾಲಜಿ ಲ್ಯಾಬಿನಲ್ಲಿ ಕೆಲಸ, ಇಂಥ ಮಕ್ಕಳ ಗಂಟಿನ ನೀರು ನಮ್ಮ ಟೇಬಲ್ಲಿಗೆ ಬರ್ತದೆ. ಮದ್ದಿನ ವಿಷಯ ನಿಮ್ಮ ಡಾಕ್ಟ್ರೇ ಹೇಳ್ಬೇಕು, ಸೆಲ್ಲುಗಳ ವಿಷಯ ನನಗೆ ಗೊತ್ತಿರುವಷ್ಟು ಹೇಳ್ತೇನೆ.

ಮೊದಲು ಈ ಜಾಸ್ತಿ ಕಮ್ಮಿ ಅನ್ನುದನ್ನು ಬಿಡಿ. ಇಮ್ಯೂನಿಟಿ ಅಂದ್ರೆ ಟ್ಯಾಂಕಿಯಲ್ಲಿರುವ ನೀರಿನ ಹಾಗೆ ಒಂದೇ ವಸ್ತು ಅಲ್ಲ, ಹತ್ತಾರು ಜಾತಿಯ ಸೆಲ್ಲುಗಳು ಒಂದರ ಮಾತು ಒಂದು ಕೇಳಿ ಮಾಡುವ ಕೆಲಸ ಅದು. ನಿಮ್ಮ ಮಗಳಲ್ಲಿ ಕೆಟ್ಟಿರುದು ಆ ಕೇಳುವ ಕೆಲಸ.

ಟಿ ಸೆಲ್ ಅಂತ ಉಂಟು, ಬಿಳಿ ರಕ್ತಕಣದ್ದೇ ಒಂದು ಜಾತಿ. ಎದೆ ಮೂಳೆಯ ಹಿಂದೆ ಥೈಮಸ್ ಅನ್ನುವ ಗ್ರಂಥಿ ಇರ್ತದೆ, ಮಕ್ಕಳಲ್ಲಿ ದೊಡ್ಡದಿರ್ತದೆ, ಟಿ ಸೆಲ್ಲುಗಳು ಅಲ್ಲಿ ಬೆಳೀತವೆ. ಸ್ವಂತ ದೇಹವನ್ನೇ ಶತ್ರು ಅಂತ ಗುರುತಿಸುವ ಸೆಲ್ಲುಗಳು ಹೆಚ್ಚಿನವು ಅಲ್ಲೇ ಸಾಯ್ತವೆ, ಆದ್ರೆ ಎಲ್ಲವೂ ಅಲ್ಲ, ನನ್ನ ದೇಹದಲ್ಲೂ ನಿಮ್ಮ ದೇಹದಲ್ಲೂ ತಪ್ಪಿಸ್ಕೊಂಡು ಬಂದವು ಈಗಲೂ ಓಡಾಡ್ತಾ ಉಂಟು. ಅವು ಗಲಾಟೆ ಮಾಡದ ಹಾಗೆ ನೋಡ್ಕೊಳ್ಳುದು ಟಿ ಸೆಲ್ಲುಗಳದ್ದೇ ಇನ್ನೊಂದು ಗುಂಪು, ರೆಗ್ಯುಲೇಟರಿ ಟಿ ಸೆಲ್, ನಾವು ಟಿ-ರೆಗ್ ಅಂತೇವೆ. ಇದನ್ನು 1995ರಲ್ಲಿ ಜಪಾನಿನ ಶಿಮೋನ್ ಸಕಾಗುಚಿ ಇಲಿಗಳಲ್ಲಿ ತೋರಿಸಿದ್ರು, 2001ರಲ್ಲಿ ಮೇರಿ ಬ್ರಂಕೋವ್ ಮತ್ತೆ ಫ್ರೆಡ್ ರಾಮ್ಸ್‌ಡೆಲ್ ಇದರ ಹಿಂದಿರುವ ಫಾಕ್ಸ್‌ಪಿ3 ಅನ್ನುವ ಜೀನ್ ಹುಡುಕಿದ್ರು, 2025ರ ವೈದ್ಯಕೀಯ ನೊಬೆಲ್ ಈ ಮೂವರಿಗೆ ಬಂದದ್ದು ಇದಕ್ಕೇ.

ಈಗ ಮೊಣಕಾಲಿಗೆ ಬನ್ನಿ. ಗಂಟಿನ ಒಳಗೆ ಸೈನೋವಿಯಂ ಅಂತ ಒಂದು ತೆಳು ಪೊರೆ, ಒಂದೆರಡು ಸೆಲ್ ದಪ್ಪ ಅಷ್ಟೆ, ಗಂಟಿಗೆ ಬೇಕಾದ ಎಣ್ಣೆ ಬಿಡುದು ಅದರ ಕೆಲಸ. ಜೆಐಎಯಲ್ಲಿ ಆ ಪೊರೆಯೊಳಗೆ ಟಿ ಸೆಲ್ಲುಗಳು ತುಂಬ್ತವೆ. ಅವುಗಳಲ್ಲಿ ಟಿಎಚ್-1 ಅನ್ನುವವು ಇಂಟರ್‌ಫೆರಾನ್ ಗಾಮಾ ಬಿಡ್ತವೆ, ಟಿಎಚ್-17 ಅನ್ನುವವು ಐಎಲ್-17 ಬಿಡ್ತವೆ, ಎರಡೂ ಬೇರೆ ಸೆಲ್ಲುಗಳಿಗೆ ಸಂದೇಶ ಕೊಡುವ ಪ್ರೋಟೀನುಗಳು. ಈ ವಾಸನೆಗೆ ಮ್ಯಾಕ್ರೋಫೇಜ್ ಅನ್ನುವ ನುಂಗುವ ಸೆಲ್ಲುಗಳು ಎಚ್ಚರ ಆಗಿ ಟಿಎನ್ಎಫ್, ಐಎಲ್-6 ಅನ್ನುವ ಇಂಥದ್ದೇ ಪ್ರೋಟೀನು ಸುರಿತವೆ, ಅದಕ್ಕೆ ಹೊಸ ರಕ್ತನಾಳ ಹುಟ್ತದೆ, ಪೊರೆ ದಪ್ಪ ಆಗ್ತದೆ, ನೀರು ತುಂಬ್ತದೆ, ನ್ಯೂಟ್ರೋಫಿಲ್ ಅನ್ನುವ ಇನ್ನೊಂದು ಜಾತಿ ಬಿಳಿ ರಕ್ತಕಣಗಳು ಹಿಂಡು ಹಿಂಡಾಗಿ ಇಳಿತವೆ. ಒಳ್ಳೆ ಗಂಟಿನ ನೀರು ಎರಡು ಬೆರಳಿನ ಮಧ್ಯೆ ಇಟ್ಟು ಎಳೆದ್ರೆ ಬೆಂಡೆಕಾಯಿ ಲೋಳೆಯ ಹಾಗೆ ನೂಲು ನೂಲಾಗಿ ಬರ್ತದೆ, ಅದ್ರಲ್ಲಿ ಒಂದು ಮೈಕ್ರೋಲೀಟರಿಗೆ ಬಿಳಿ ಸೆಲ್ಲು 200ಕ್ಕಿಂತ ಕಮ್ಮಿ ಇರ್ತದೆ. ಈ ಮಕ್ಕಳದ್ದು ಗಂಜಿ ತಿಳಿಯ ಹಾಗೆ ಮಬ್ಬು, ಎಳೆದ್ರೆ ನೂಲೇ ಬರುದಿಲ್ಲ, ಸೆಲ್ಲು ಸಾವಿರಗಟ್ಟಲೆ.

ನನಗೆ ಮೊದಲ ಸಲ ಗೊತ್ತಾದಾಗ ಆಶ್ಚರ್ಯ ಆದದ್ದು ಇದು, ಇಂಥ ಗಂಟಿನಲ್ಲಿ ಟಿ-ರೆಗ್ ಕಮ್ಮಿ ಇರ್ಬೇಕು ಅಂದ್ಕೊಂಡಿದ್ದೆ, ಹಾಗಲ್ಲ, ಅದೇ ಮಗುವಿನ ರಕ್ತದಲ್ಲಿ ಇರುದಕ್ಕಿಂತ ಜಾಸ್ತಿ ಇರ್ತವೆ. ತಡೆಯುವವರು ಇದ್ದಾರೆ, ಗಲಾಟೆ ಮಾಡುವವರು ಕೇಳುದಿಲ್ಲ. ಟಿಎನ್ಎಫ್ ಮತ್ತೆ ಐಎಲ್-6 ತುಂಬಿದ ಜಾಗದಲ್ಲಿ ಆ ಟಿ ಸೆಲ್ಲುಗಳು ಕಿವುಡಾಗ್ತವೆ. ಹಾಗಾಗಿ ಸೈನಿಕರನ್ನು ಹೆಚ್ಚು ಮಾಡಿದ್ರೆ ಸರಿ ಆಗುದಿಲ್ಲ, ಆ ಗದ್ದಲವನ್ನು ತಗ್ಗಿಸ್ಬೇಕು. ಟಿಎನ್ಎಫ್ ತಡೆಯುವ ಇಂಜೆಕ್ಷನ್ನುಗಳು ಕೆಲಸ ಮಾಡುದೂ ಹೀಗೇ.

ಪುನಃ ಯಾಕೆ ಬಂತು ಅಂದ್ರೆ, ಗಂಟಿಗೆ ಬಂದ ಟಿ ಸೆಲ್ಲುಗಳಲ್ಲಿ ನೆನಪು ಇರುವವು ಹೆಚ್ಚು. ಬಾಡಿಗೆಗೆ ಬಂದವರು ಒಕ್ಕಲಾಗಿ ಕೂತ ಹಾಗೆ. ಒಂದೇ ಮಗುವಿನ ಬೇರೆ ಬೇರೆ ಗಂಟುಗಳ ನೀರು ಹೋಲಿಸಿ ನೋಡಿದ್ದಾರೆ, ಒಂದೇ ವಂಶದ ಟಿ ಸೆಲ್ಲುಗಳು ಎರಡು ಕಡೆಯೂ ಸಿಕ್ತವೆ, ವರ್ಷ ಬಿಟ್ಟು ರೋಗ ಎದ್ದಾಗಲೂ ಅವೇ ಸಿಕ್ತವೆ. ಸ್ಟಿರಾಯ್ಡ್ ಊತವನ್ನು ಕೂರಿಸಿತು, ಒಕ್ಕಲನ್ನು ಎಬ್ಬಿಸ್ಲಿಲ್ಲ. ಮೊಣಕಾಲೇ ಯಾಕೆ ಅಂದ್ರೆ ಅದಕ್ಕೆ ಉತ್ತರ ಇನ್ನೂ ಯಾರಿಗೂ ಸಿಕ್ಕಿಲ್ಲ, ಹೆಸರಿನಲ್ಲಿರುವ ಇಡಿಯೋಪಥಿಕ್ ಅನ್ನುದಕ್ಕೆ ಕಾರಣ ಗೊತ್ತಿಲ್ಲದ್ದು ಅಂತಲೇ ಅರ್ಥ. ಎಚ್ಎಲ್ಎ ಅನ್ನುವ ಜೀನುಗಳ ಕೆಲವು ನಮೂನೆ ಇರುವ ಮಕ್ಕಳಿಗೆ ಬರುವ ಸಾಧ್ಯತೆ ಜಾಸ್ತಿ, ಅದು ಅಮ್ಮ ಏನೋ ತಿಂದದ್ದಕ್ಕೆ, ಫ್ಯಾನ್ ಹಾಕಿ ಮಲಗಿಸಿದ್ದಕ್ಕೆ ಬರುವಂಥದ್ದಲ್ಲ.

ಮಾಷ್ಟ್ರೇ, ನಿಮ್ಮ ಪ್ರೀತಿ ಅರ್ಥ ಆಗ್ತದೆ, ಆದ್ರೆ ಈ ಮಗುವಿಗೆ ಅಮೃತಬಳ್ಳಿ ಬೇಡ. ಅದನ್ನು ಇಮ್ಯೂನ್ ಸೆಲ್ಲುಗಳನ್ನು ಎಬ್ಬಿಸ್ತದೆ ಅಂತಲೇ ಮಾರುದು, ಇಲ್ಲಿ ಅವು ಈಗಾಗ್ಲೇ ಎದ್ದು ಕೂತಿವೆ. ಮತ್ತೆ 2021ರಲ್ಲಿ ಮುಂಬೈಯ ಲಿವರ್ ಡಾಕ್ಟ್ರುಗಳು ಅಮೃತಬಳ್ಳಿ ತಕ್ಕೊಂಡವರ ಲಿವರ್ ಪೆಟ್ಟಾದ ಕೇಸುಗಳನ್ನು ಬರೆದಿದ್ರು, ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಅದು ಬೇರೆ ಮಾತು, ಆದ್ರೆ ಮೆಥೊಟ್ರೆಕ್ಸೇಟ್ ತಕ್ಕೊಳ್ಳುವ ಮಗುವಿನ ಲಿವರನ್ನು ಮೊದಲೇ ರಕ್ತ ಪರೀಕ್ಷೆ ಮಾಡಿ ಕಾಯ್ತಾ ಇರುವಾಗ ಇನ್ನೊಂದು ಹೊರೆ ಯಾಕೆ.

ಕಾರ್ಕಳದ_ಮಾಷ್ಟ್ರು:

ಇಷ್ಟು ಗೊತ್ತಿರ್ಲಿಲ್ಲ. ತಂಗೀ, ನಾನು ಹೇಳಿದ್ದನ್ನು ಬಿಡು, ಮಗುವಿಗೆ ಕೊಡ್ಬೇಡ.

ಕಾಪು_ಅಪ್ಪ:

ಈ ಚರ್ಚೆ ನೋಡಿ ಸುಮ್ಮನೆ ಇರ್ಲಿಕ್ಕೆ ಆಗ್ಲಿಲ್ಲ. ನನ್ನ ಮಗನಿಗೂ ಜೆಐಎ, ಆದ್ರೆ ಸಿಸ್ಟಮಿಕ್ ಅನ್ನುವ ಜಾತಿ, ನಿಮ್ಮದಕ್ಕೂ ನಮ್ಮದಕ್ಕೂ ಹೆಸರು ಒಂದೇ, ಒಳಗೆ ಬೇರೆಯೇ. ಅವನಿಗೆ ಶುರು ಆದದ್ದು ಗಂಟಿನಿಂದ ಅಲ್ಲ, ಜ್ವರದಿಂದ. ದಿನಾ ಸಂಜೆ 103, 104, ಬೆಳಿಗ್ಗೆ ಏನೂ ಇಲ್ಲ. ಜ್ವರ ಏರುವಾಗ ಎದೆ ಮೇಲೆ ತೊಡೆ ಮೇಲೆ ತಿಳಿ ಗುಲಾಬಿ ಚುಕ್ಕೆ, ಜ್ವರ ಇಳಿದ್ರೆ ಚುಕ್ಕೆಯೂ ಮಾಯ, ಡಾಕ್ಟ್ರಿಗೆ ತೋರಿಸುವಾಗ ಮೈ ಸ್ವಚ್ಛ. ನಮ್ಮ ಊರಿನ ಮಳೆಗಾಲ ಗೊತ್ತಲ್ಲ, ಮಲೇರಿಯಾ ನೋಡಿದ್ರು, ಡೆಂಗಿ ನೋಡಿದ್ರು, ಇಲಿ ಜ್ವರ ನೋಡಿದ್ರು, ಟೈಫಾಯ್ಡ್ ಅಂತ ಹತ್ತು ದಿನ ಆಂಟಿಬಯೋಟಿಕ್ ಹೋಯ್ತು. ಕೊನೆಗೆ ನಾನು ಚುಕ್ಕೆಯ ಫೋಟೋ ಟೈಮ್ ಸಮೇತ ಮೊಬೈಲಿನಲ್ಲಿ ತೆಗೆದು ತೋರಿಸಿದೆ, ಅದನ್ನು ನೋಡಿ ಒಬ್ಬರು ಮೇಡಂ ಹಿಡಿದ್ರು.

ಲ್ಯಾಬಿನವರು ಟಿ ಸೆಲ್ ಕತೆ ಹೇಳಿದ್ರಲ್ಲ, ನಮ್ಮ ಮಗನದ್ದರಲ್ಲಿ ಮುಂದೆ ನಿಂತದ್ದು ಮ್ಯಾಕ್ರೋಫೇಜುಗಳು ಮತ್ತೆ ನ್ಯೂಟ್ರೋಫಿಲ್ಲುಗಳು ಅಂತ ಮೇಡಂ ವಿವರಿಸಿದ್ರು. ಐಎಲ್-1, ಐಎಲ್-6 ಅಲ್ಲಿಂದ ಸುರಿಯುದು. ಎಎನ್ಎ ನೆಗೆಟಿವ್, ಆರ್ಎಫ್ ನೆಗೆಟಿವ್, ಸ್ವಂತ ದೇಹದ ವಿರುದ್ಧದ ಆಂಟಿಬಾಡಿ ಸಿಗ್ಲಿಲ್ಲ.

ಒಂದು ವಿಷಯ ಎಲ್ಲ ತಂದೆ ತಾಯಿಯಂದಿರಿಗೆ ಹೇಳ್ಬೇಕು ಅಂತಲೇ ಬರಿತಾ ಇದ್ದೇನೆ. ಅಡ್ಮಿಟ್ ಆಗಿ ಎಂಟನೇ ದಿನ, ಮೈಯೊಳಗಿನ ಊತ ಎಷ್ಟು ಅಂತ ತೋರಿಸುವ ಇಎಸ್ಆರ್ ಅನ್ನುವ ರಕ್ತ ಪರೀಕ್ಷೆ 110ರಿಂದ 30ಕ್ಕೆ ಇಳಿದಿತ್ತು. ರಿಪೋರ್ಟ್ ನೋಡಿ ನಾನು ಕಾರಿಡಾರಿನಲ್ಲೇ ಮನೆಗೆ ಫೋನ್ ಮಾಡಿ ಕಮ್ಮಿ ಆಗ್ತಾ ಉಂಟು ಅಂದೆ. ಮೇಡಂ ಅದೇ ರಿಪೋರ್ಟ್ ನೋಡಿ ಓಡಿ ಬಂದ್ರು. ಪ್ಲೇಟ್ಲೆಟ್ ಕೂಡ ಇಳಿದಿತ್ತು, ಮ್ಯಾಕ್ರೋಫೇಜುಗಳು ಕೆರಳಿದಾಗ ಏರುವ ಫೆರಿಟಿನ್ ಹತ್ತು ಸಾವಿರ ದಾಟಿತ್ತು. ಮ್ಯಾಕ್ರೋಫೇಜ್ ಆಕ್ಟಿವೇಶನ್ ಸಿಂಡ್ರೋಮ್ ಅಂತೆ. ಸಾಮಾನ್ಯವಾಗಿ ಎನ್‌ಕೆ ಸೆಲ್ ಅಂತ ಇರ್ತವಂತೆ, ಕೆಲಸ ಮುಗಿದ ಸೆಲ್ಲುಗಳನ್ನು ಪರ್ಫೋರಿನ್ ಅನ್ನುವ ಪ್ರೋಟೀನಿನಿಂದ ತೂತು ಮಾಡಿ ಮುಗಿಸುದು ಅವುಗಳ ಒಂದು ಕೆಲಸ, ಸಿಸ್ಟಮಿಕ್ ಮಕ್ಕಳಲ್ಲಿ ಹೆಚ್ಚಾಗಿ ಅವು ಸರಿ ಕೆಲಸ ಮಾಡುದಿಲ್ಲ, ಹಾಗಾಗಿ ಎದ್ದ ಮ್ಯಾಕ್ರೋಫೇಜುಗಳಿಗೆ ನಿಲ್ಲು ಅನ್ನುವವರಿಲ್ಲ, ಮೂಳೆ ಮಜ್ಜೆಯೊಳಗೆ ಸ್ವಂತ ರಕ್ತಕಣಗಳನ್ನೇ ನುಂಗ್ತವೆ. ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜೆನ್ ಅನ್ನುವ ಪ್ರೋಟೀನ್ ಖಾಲಿ ಆದ್ದರಿಂದ ಇಎಸ್ಆರ್ ಇಳಿದದ್ದು, ರೋಗ ಇಳಿದದ್ದಲ್ಲ. ಅವತ್ತು ರಾತ್ರಿಯೇ ಐಸಿಯುಗೆ ಹಾಕಿ ದೊಡ್ಡ ಡೋಸ್ ಸ್ಟಿರಾಯ್ಡ್ ಕೊಟ್ರು. ಬದುಕಿದ. ಈಗ 15 ದಿನಕ್ಕೊಮ್ಮೆ ಟೊಸಿಲಿಜುಮಾಬ್ ಡ್ರಿಪ್, ಐಎಲ್-6 ಬಾಗಿಲಿಗೆ ಬೀಗ ಹಾಕುವ ಮದ್ದು ಅದು, ಶುರು ಮಾಡುವ ಮೊದಲು ಟಿಬಿ ಉಂಟಾ ಅಂತ ಪರೀಕ್ಷೆ ಮಾಡಿದ್ರು. ಈ ಮದ್ದಿನಲ್ಲಿ ಇರುವಾಗ ಸೋಂಕು ಬಂದ್ರೂ ಜ್ವರ, ರಕ್ತ ಪರೀಕ್ಷೆಯ ಸಿಆರ್‌ಪಿ ಸರಿ ಏರದೆ ಇರ್ಬಹುದು, ಹಾಗಾಗಿ ಮಗು ಮಂಕಾದ್ರೆ ಥರ್ಮಾಮೀಟರ್ ನಂಬಿ ಕೂರ್ಬೇಡಿ ಅಂತ ಹೇಳಿದ್ದಾರೆ. ಮಗ ಈಗ ಕ್ರಿಕೆಟ್ ಆಡ್ತಾನೆ.

ಸುರತ್ಕಲ್_ಪುಟ್ಟಿಯಮ್ಮ:

ಅಣ್ಣಾ, ಓದುವಾಗ ಕೈ ನಡುಗಿತು. ನಿಮ್ಮ ಮಗ ಚೆನ್ನಾಗಿರ್ಲಿ. ಲ್ಯಾಬ್ ಅಣ್ಣ, ಕಿವುಡಾಗ್ತವೆ ಅಂದ್ರಲ್ಲ, ಅದು ನನಗೆ ಹಿಡಿಸಿತು, ರಾತ್ರಿ ಇವರಿಗೂ ಅತ್ತೆಗೂ ಓದಿ ಹೇಳಿದೆ. ಅತ್ತೆ ಏನೂ ಹೇಳ್ಲಿಲ್ಲ, ಬೆಳಿಗ್ಗೆ ನೋಡಿದ್ರೆ ಇಮ್ಯೂನಿಟಿ ಪುಡಿಯ ಡಬ್ಬಿ ಅಟ್ಟಕ್ಕೆ ಹೋಗಿತ್ತು.

ಇನ್ನೂ ಎರಡು ಉಂಟು. ಮೆಥೊಟ್ರೆಕ್ಸೇಟ್ ಕ್ಯಾನ್ಸರಿನ ಮದ್ದು ಅಂತ ಮೆಡಿಕಲಿನವನು ಹೇಳಿದ, ಅದು ಅವಳ ಸೆಲ್ಲುಗಳನ್ನು ಕೊಲ್ತದಾ? ಐದು ವಾರ ಆಯ್ತು, ಊತ ಇನ್ನೂ ಉಂಟು, ಕೆಲಸ ಮಾಡ್ತಾ ಇಲ್ವಾ? ಮತ್ತೆ ಆ ಪೆನಿಸಿಲಿನ್ ನಾಲ್ಕು ಸಲ ಕೊಟ್ಟದ್ದು ಏನಾದ್ರೂ ತೊಂದರೆ ಆಗಿರಬಹುದಾ?

ಮಣಿಪಾಲ_ಲ್ಯಾಬ್:

ಕ್ಯಾನ್ಸರಿಗೆ ಕೊಡುದು ಬಹಳ ದೊಡ್ಡ ಡೋಸ್, ಅಲ್ಲಿ ಸೆಲ್ ಕೊಲ್ಲುದೇ ಉದ್ದೇಶ. ಗಂಟಿಗೆ ಕೊಡುದು ವಾರಕ್ಕೊಮ್ಮೆ ಕೆಲವೇ ಮಿಲಿಗ್ರಾಂ, ಆ ಅಳತೆಯಲ್ಲಿ ಅದು ಅಡೆನೊಸಿನ್ ಅನ್ನುವ ವಸ್ತುವನ್ನು ಹೆಚ್ಚಿಸಿ ಎದ್ದ ಸೆಲ್ಲುಗಳನ್ನು ತಣ್ಣಗೆ ಮಾಡ್ತದೆ ಅಂತ ತಿಳುವಳಿಕೆ. ನಿಧಾನ, ಆರರಿಂದ ಹನ್ನೆರಡು ವಾರ ಬೇಕು, ಐದು ವಾರಕ್ಕೆ ತೀರ್ಮಾನ ಮಾಡ್ಬೇಡಿ. ವಾರಕ್ಕೊಮ್ಮೆ ಅನ್ನುದನ್ನು ಮಾತ್ರ ಗೋಡೆಯ ಕ್ಯಾಲೆಂಡರಿನಲ್ಲಿ ದೊಡ್ಡದಾಗಿ ಬರೆದಿಡಿ, ಮನೆಯಲ್ಲಿ ಯಾರಾದ್ರೂ ತಪ್ಪಿ ದಿನಾ ಕೊಟ್ರೆ ಜೀವಕ್ಕೇ ಅಪಾಯ. ಫೋಲಿಕ್ ಆಸಿಡ್ ಬರೆದು ಕೊಟ್ಟಿದ್ರೆ ತಪ್ಪಿಸ್ಬೇಡಿ.

ಪೆನಿಸಿಲಿನಿನಿಂದ ಆದ ದೊಡ್ಡ ನಷ್ಟ ಅಂದ್ರೆ ಆ ಮೂರು ತಿಂಗಳು. ಎಎಸ್ಓ ಜಾಸ್ತಿ ಅಂದ್ರೆ ಗಂಟಲಿಗೆ ಯಾವಾಗಲೋ ಸ್ಟ್ರೆಪ್ ಸೋಂಕು ಬಂದು ಹೋಗಿದೆ ಅಂತ ಅಷ್ಟೆ, ಶಾಲೆ ಮಕ್ಕಳಲ್ಲಿ ಎಷ್ಟೋ ಜನರಿಗೆ ಇರ್ತದೆ. ರುಮ್ಯಾಟಿಕ್ ಫೀವರಿನ ಊತ ಇವತ್ತು ಮೊಣಕಾಲು, ನಾಲ್ಕು ದಿನ ಬಿಟ್ಟು ಮೊಣಕೈ, ಹೀಗೆ ಗಂಟಿನಿಂದ ಗಂಟಿಗೆ ಹಾರ್ತದೆ, ವಾರಗಳಲ್ಲಿ ಮಾಯ ಆಗ್ತದೆ. ಒಂದೇ ಗಂಟು ಆರು ವಾರ ದಾಟಿ ಊದಿಕೊಂಡೇ ಇದ್ರೆ, ಮಗುವಿಗೆ 16 ತುಂಬಿಲ್ಲದಿದ್ರೆ, ಬೇರೆ ಕಾರಣ ಸಿಗದಿದ್ರೆ ಜೆಐಎ ಅಂತ ಯೋಚಿಸ್ಬೇಕು.

ಉಡುಪಿ_ಹುಡುಗಿ_22:

ಅಕ್ಕ, ನಾನೇ ಆ ಮಗು. ನಂಗೆ ಮೂರು ವರ್ಷಕ್ಕೆ ಬಂದದ್ದು, ಬಲ ಮೊಣಕಾಲು. ಎರಡು ಮಾತು ಹೇಳ್ಲೇಬೇಕು.

ಒಂದು, ಊತ ಹೋದ ಮೇಲೆ ಮದ್ದು ನಿಲ್ಲಿಸ್ಬೇಡಿ. ನಂಗೆ ಆರು ವರ್ಷ ಇರುವಾಗ ಎಲ್ಲ ಸರಿ ಆಯ್ತು ಅಂತ ಮನೆಯಲ್ಲಿ ನಿಲ್ಲಿಸಿದ್ರು, ನಾನು ಓಡ್ತಿದ್ದೆ, ಡ್ಯಾನ್ಸ್ ಮಾಡ್ತಿದ್ದೆ. ಒಂದು ವರ್ಷ ಆಗುವ ಮೊದಲೇ ಪುನಃ ಬಂತು, ಅದೇ ಮೊಣಕಾಲು. ಮೇಲೆ ಬರೆದ ಒಕ್ಕಲಿನ ಮಾತು ಓದಿದಾಗ ಈಗ ಅರ್ಥ ಆಯ್ತು. ಊದಿದ ಮೊಣಕಾಲಿಗೆ ರಕ್ತ ಹೆಚ್ಚು ಹರಿದು ಆ ಕಾಲು ಬೇಗ ಬೆಳಿತದೆ, ನನ್ನ ಬಲಗಾಲು ಎಡಗಾಲಿಗಿಂತ ಒಂದೂವರೆ ಸೆಂಟಿಮೀಟರ್ ಉದ್ದ, ಎಡ ಚಪ್ಪಲಿಗೆ ಒಳಗಿಂದ ಹಿಮ್ಮಡಿ ಹಾಕಿಸ್ಕೊಂಡಿದ್ದೇನೆ. ಹಾಗಾಗಿ ಫಿಸಿಯೋ ತಪ್ಪಿಸ್ಬೇಡಿ, ಕಾಲು ಅರ್ಧ ಮಡಚಿಯೇ ಇರ್ತದೆ ಅಂತ ಬರೆದಿದ್ರಿ ಅಲ್ವಾ, ಅದನ್ನು ನೇರ ಮಾಡಿಸುದು ಈಗಲೇ ಆಗ್ಬೇಕು.

ಎರಡು, ಕಣ್ಣು. ಇದನ್ನು ಯಾರೂ ಕೇಳ್ಲಿಲ್ಲ ಅಂತ ನಂಗೆ ಹೆದರಿಕೆ ಆಯ್ತು. ಸಣ್ಣ ಹುಡುಗಿ, ಆಲಿಗೋ, ಎಎನ್ಎ ಪಾಸಿಟಿವ್, ಈ ಮೂರೂ ಸೇರಿದ್ರೆ ಯುವೈಟಿಸ್, ಅಂದ್ರೆ ಕಣ್ಣಿನ ಒಳಗಿನ ಉರಿಯೂತ, ಬರುವ ಅಪಾಯ ಎಲ್ಲರಿಗಿಂತ ಜಾಸ್ತಿ. ಕಣ್ಣು ಕೆಂಪಾಗುದಿಲ್ಲ, ನೀರು ಸುರಿಯುದಿಲ್ಲ, ಮಗು ಏನೂ ಹೇಳುದಿಲ್ಲ, ಒಳಗೇ ಇಮ್ಯೂನ್ ಸೆಲ್ಲುಗಳು ಇಳಿದಿರ್ತವೆ. ಮೂರು ತಿಂಗಳಿಗೊಮ್ಮೆ ಸ್ಲಿಟ್ ಲ್ಯಾಂಪ್ ಅನ್ನುವ ಮೆಷಿನಿನಲ್ಲಿ ನೋಡಿಸ್ಲೇಬೇಕು. ಟಾರ್ಚ್ ಬಿಟ್ಟು ನೋಡಿದ್ರೆ ಕಾಣುದಿಲ್ಲ. ನನ್ನ ಎಡಗಣ್ಣಿಗೆ ತಡ ಆಗಿ ಗೊತ್ತಾದದ್ದು, ಒಂಬತ್ತನೇ ವರ್ಷಕ್ಕೆ ಪೊರೆ ಆಪರೇಷನ್ ಆಯ್ತು. ಈಗ ಅಡಲಿಮುಮಾಬ್ ಅನ್ನುವ ಟಿಎನ್ಎಫ್ ತಡೆಯುವ ಇಂಜೆಕ್ಷನ್ ಉಂಟು, ಮೆಥೊಟ್ರೆಕ್ಸೇಟ್ ಜೊತೆ ಕೊಟ್ರೆ ಈ ಕಣ್ಣಿನ ತೊಂದರೆಗೆ ಉಪಯೋಗ ಆಗ್ತದೆ ಅಂತ 2017ರಲ್ಲೇ ಬ್ರಿಟನ್ನಿನ ಒಂದು ದೊಡ್ಡ ಪ್ರಯೋಗದಲ್ಲಿ ಸಾಬೀತಾಗಿದೆ. ನಿಮ್ಮ ಪುಟ್ಟಿಗೆ ಅಲ್ಲಿಯವರೆಗೆ ಹೋಗ್ಲಿಕ್ಕೆ ಬಿಡ್ಬೇಡಿ. ಕಣ್ಣು ತೋರಿಸಿದ್ದೀರಾ?

ಮತ್ತೆ ಮೆಥೊಟ್ರೆಕ್ಸೇಟ್ ಮಾತ್ರೆ ಹಳದಿ ಬಣ್ಣದ್ದಲ್ವಾ, ವಾಂತಿ ಶುರು ಆದ್ರೆ ಅವಳು ನೋಡದ ಹಾಗೆ ಬಾಳೆಹಣ್ಣಿನ ಒಳಗೆ ಇಟ್ಟು ಕೊಡಿ, ರಾತ್ರಿ ಮಲಗುವ ಮೊದಲು. ನಂಗೆ ಕೆಲವು ವರ್ಷ ಚಿತ್ರಾನ್ನ ಕಂಡ್ರೂ ಹೊಟ್ಟೆ ತೊಳೆಸ್ತಿತ್ತು, ಅಮ್ಮ ಆ ಸಮಯದಲ್ಲಿ ಅಡುಗೆಗೆ ಅರಶಿನವೇ ಹಾಕ್ತಿರ್ಲಿಲ್ಲ.

ಸುರತ್ಕಲ್_ಪುಟ್ಟಿಯಮ್ಮ:

ತಂಗೀ, ತೋರಿಸಿರ್ಲಿಲ್ಲ. ಡಾಕ್ಟ್ರು ಚೀಟಿಯಲ್ಲಿ ಕಣ್ಣಿನ ಪರೀಕ್ಷೆ ಅಂತ ಬರೆದಿದ್ರು, ಅವಳಿಗೆ ಕಣ್ಣು ಸರಿ ಕಾಣ್ತದಲ್ಲ, ಮೊದಲು ಕಾಲು ಗುಣ ಆಗ್ಲಿ ಅಂತ ನಾನೇ ಮುಂದೆ ಹಾಕಿದ್ದೆ. ನೀನು ಬರೆದದ್ದು ಓದಿ ಮರುದಿನವೇ ಮಂಗಳೂರಿಗೆ ಕರ್ಕೊಂಡು ಹೋದೆವು. ನನ್ನ ತೊಡೆ ಮೇಲೆ ಕೂರಿಸಿ ಗಲ್ಲ ಮೆಷಿನಿಗೆ ಇಟ್ಟು ಹಿಡಿದೆ. ಕಣ್ಣಿನ ಡಾಕ್ಟ್ರು ಬಹಳ ಹೊತ್ತು ನೋಡಿದ್ರು, ಆಮೇಲೆ ಪಕ್ಕದ ಸ್ಕ್ರೀನಿನಲ್ಲಿ ನನಗೂ ತೋರಿಸಿದ್ರು. ಕಪ್ಪಿನ ಮಧ್ಯೆ ಒಂದು ಸಣ್ಣ ಬೆಳಕಿನ ಪಟ್ಟಿ, ಅದ್ರೊಳಗೆ ಚುಕ್ಕೆ ಚುಕ್ಕೆ ನಿಧಾನ ತೇಲ್ತಾ ಉಂಟು, ನಮ್ಮ ಅಜ್ಜಿ ಮನೆಯ ಹಟ್ಟಿಯಲ್ಲಿ ಹಂಚಿನ ಸಂದಿಯಿಂದ ಬಿಸಿಲು ಬಿದ್ದಾಗ ಧೂಳು ತೇಲುದು ಕಾಣ್ತದಲ್ಲ, ಹಾಗೆಯೇ. ಇವೇ ಅಮ್ಮ ಬಿಳಿ ರಕ್ತಕಣ ಅಂದ್ರು. ಇಷ್ಟು ದಿನ ಕೇಳಿದ್ದು, ಇಲ್ಲಿ ಓದಿದ್ದು ಎಲ್ಲ ಕಣ್ಣೆದುರಿಗೆ ಬಂತು.

ಬಲಗಣ್ಣು ಮಾತ್ರ, ಶುರುವಿನಲ್ಲೇ ಸಿಕ್ಕಿತು, ದೃಷ್ಟಿಗೆ ಏನೂ ಆಗಿಲ್ಲ ಅಂತ ಹೇಳಿದ್ದಾರೆ. ಸ್ಟಿರಾಯ್ಡ್ ಹನಿ ಎರಡು ಗಂಟೆಗೊಮ್ಮೆ, ಎರಡು ವಾರ ಬಿಟ್ಟು ಪುನಃ ಬರ್ಲಿಕ್ಕೆ ಹೇಳಿದ್ದಾರೆ. ಗಂಟಿನ ಡಾಕ್ಟ್ರಿಗೂ ಅಲ್ಲಿಂದಲೇ ಫೋನ್ ಮಾಡಿ ಮಾತಾಡಿದ್ರು. ಹನಿ ಹಾಕುವಾಗ ಅತ್ತೆ ಅವಳ ತಲೆ ಹಿಡಿತಾರೆ, ಕತೆ ಹೇಳ್ತಾರೆ, ಎರಡು ದಿನದಿಂದ ಅಳುದಿಲ್ಲ. ಈಗ ನಾಲ್ಕು ಗಂಟೆಯದ್ದು ಹಾಕ್ಲಿಕ್ಕೆ ಉಂಟು, ಉಳಿದದ್ದು ರಾತ್ರಿ ಬರಿತೇನೆ.